ಮಳೆಗಾಲಕ್ಕೆ ಸಮ್ಮರ್ ಟೈರು

ಶಿವಮೊಗ್ಗದಲ್ಲಿ ನಾನು ಟೈರ್ ಅಂಗಡಿ ಇಟ್ಟು ಹದಿನಾರು ವರ್ಷ ಆಯಿತು. ಗಿರಾಕಿಗಳಲ್ಲಿ ಅಡಿಕೆ ತೋಟದವರೇ ಜಾಸ್ತಿ. ಜೀಪು, ಪಿಕಪ್, ಟ್ರ್ಯಾಕ್ಟರ್, ಜೊತೆಗೆ ಮನೆಗೊಂದು ಸಣ್ಣ ಕಾರು. ಇವಕ್ಕೆ ಯಾವ ಟೈರ್ ಅಂತ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತೇನೆ. ನಾನು ಎಡವಿದ್ದು ಒಂದು ಸ್ಪೋರ್ಟ್ಸ್ ಕಾರಿನ ವಿಷಯದಲ್ಲಿ.

ಕಾರು ತೀರ್ಥಹಳ್ಳಿ ಕಡೆಯವರದ್ದು. ಹತ್ತು ವರ್ಷ ಬೆಂಗಳೂರಲ್ಲಿ ದುಡಿದು ತೋಟಕ್ಕೆ ವಾಪಸ್ ಬಂದವರು. ಬರುವಾಗ ಸೆಕೆಂಡ್ ಹ್ಯಾಂಡ್ ಪೋರ್ಷೆ 718 ಕೇಮನ್ ತಂದಿದ್ದರು. ಅವರ ತಂದೆ ಕಾರಿನ ಸುತ್ತ ಒಂದು ಸುತ್ತು ಹಾಕಿ, "ಇದರಲ್ಲಿ ಎರಡು ಮೂಟೆ ಅಡಿಕೆ ಹಿಡೀತದಾ?" ಅಂತ ಕೇಳಿದ್ದರಂತೆ.

ಟೈರ್ ನೋಡಿದೆ. ಗ್ರಿಪ್ ಚೆನ್ನಾಗಿಯೇ ಇತ್ತು. ಆದರೆ ಪಕ್ಕದ ಗೋಡೆಯಲ್ಲಿ ಸಣ್ಣ ಸಣ್ಣ ಬಿರುಕು. ಅಲ್ಲಿ ನಾಲ್ಕು ಅಂಕಿಯ ಒಂದು ಗುರುತು ಇರುತ್ತದೆ. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ಅಂಕಿ ವರ್ಷ. 2317 ಅಂದರೆ 2017ರ 23ನೇ ವಾರ ತಯಾರಾದದ್ದು. ಸ್ಪೋರ್ಟ್ಸ್ ಕಾರುಗಳ ಕಥೆಯೇ ಹೀಗೆ. ಓಡುವುದು ಕಡಿಮೆ, ಶೆಡ್ಡಲ್ಲಿ ನಿಲ್ಲುವುದು ಜಾಸ್ತಿ. ಟೈರ್ ಸವೆಯುವ ಮೊದಲೇ ರಬ್ಬರ್ ಮುದಿಯಾಗಿ ಗಟ್ಟಿಯಾಗುತ್ತದೆ. ನಾಲ್ಕನ್ನೂ ಬದಲಿಸಲೇಬೇಕಿತ್ತು.

"ಯಾವುದು ಹಾಕೋಣ?" ಅಂತ ಕೇಳಿದರು. ಅವರ ಭಾವ ಜರ್ಮನಿಯಲ್ಲಿದ್ದಾರೆ. "ವರ್ಷವಿಡೀ ಓಡಿಸೋದಾದರೆ ಆಲ್ ಸೀಸನ್ ತಗೋ, ಸಮ್ಮರ್ ಟೈರ್ ಬೇಡ" ಅಂತ ಫೋನಲ್ಲಿ ಹೇಳಿದ್ದರಂತೆ. ನಾನೂ ತಲೆ ಆಡಿಸಿದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಹೊಯ್ಯುವ ಊರು ನಮ್ಮದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ. ಇಂಥ ಕಡೆ ಬೇಸಿಗೆ ಟೈರ್ ಯಾರಿಗೆ ಬೇಕು? ಎಲ್ಲಾ ಕಾಲಕ್ಕೂ ಆಗುವಂಥದ್ದೇ ಇರಲಿ ಅಂದುಕೊಂಡೆ. ಹೆಸರು ನೋಡಿ ಟೈರ್ ಮಾರಿಬಿಟ್ಟೆ, ಅಷ್ಟೇ.

ಏಪ್ರಿಲ್‌ನಲ್ಲಿ ಮೊದಲ ದೂರು ಬಂತು. ತಿರುವಲ್ಲಿ ಸ್ಟೇರಿಂಗ್ ತಿರುಗಿಸಿದರೆ ಕಾರು ಒಂದು ಕ್ಷಣ ಯೋಚನೆ ಮಾಡಿ ಆಮೇಲೆ ತಿರುಗುತ್ತದೆ ಅಂದರು. "ಹಲ್ವದ ಮೇಲೆ ಓಡಿಸಿದ ಹಾಗೆ ಆಗ್ತದೆ ಮಾರಾಯ್ರೆ." ಹೊಸ ಟೈರ್ ಅಲ್ವಾ, ಸ್ವಲ್ಪ ಓಡಲಿ, ಸರಿ ಹೋಗುತ್ತದೆ ಅಂತ ಕಳಿಸಿದೆ. ಜೂನ್‌ನಲ್ಲಿ ಮತ್ತೆ ಬಂದರು. ಆಗುಂಬೆ ಘಾಟಿಯ ಹದಿನಾಲ್ಕು ತಿರುವಿನಲ್ಲಿ ಒಂದು ಕಡೆ ಎದುರಿಗೆ ಬಸ್ಸು ಬಂದಿದೆ. ಬ್ರೇಕ್ ಒತ್ತಿದ ಕೂಡಲೇ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಟಕಟ ಅಂದಿದೆ. ಕಾರು ನಿಂತಿದ್ದು ಬಸ್ಸಿಗೆ ಒಂದು ಮಾರು ದೂರದಲ್ಲಿ. ಅವರು ಬೈಯಲಿಲ್ಲ. "ಒಂದು ಸಲ ನೀವೇ ಬಂದು ಕೂತ್ಕೊಳ್ಳಿ" ಅಂದರು. ಅದಕ್ಕಿಂತ ಬೈದಿದ್ದರೇ ವಾಸಿ ಇತ್ತು.

ಗಾಜನೂರು, ಮಂಡಗದ್ದೆ ದಾರಿಯಲ್ಲಿ ಮಳೆಯಲ್ಲೇ ಹೋದೆವು. ಖಾಲಿ ರಸ್ತೆ ಸಿಕ್ಕ ಕಡೆ ಬ್ರೇಕ್ ಹಾಕಿಸಿದೆ. ಅವರು ಹೇಳಿದ್ದು ಸರಿಯಾಗಿತ್ತು. ಅಂಗಡಿಗೆ ಬಂದು ಆ ರಾತ್ರಿ ಕಂಪನಿಗಳ ಕೈಪಿಡಿಗಳನ್ನು ಮೊದಲ ಸಲ ಪೂರ್ತಿ ಓದಿದೆ.

ವಿಷಯ ಇಷ್ಟು. ಈ ಹೆಸರುಗಳೆಲ್ಲ ಹಿಮ ಬೀಳುವ ದೇಶದವು. ಅಲ್ಲಿ 'ಸಮ್ಮರ್' ಅಂದರೆ ಹಿಮ ಇಲ್ಲದ ಕಾಲ. ಮಳೆಯೂ ಅದರಲ್ಲೇ ಬಂತು. ಲೆಕ್ಕ ಹಾಕುವುದು ಸುಮಾರು 7 ಡಿಗ್ರಿಯಿಂದ. ಜನವರಿ ಬೆಳಿಗ್ಗೆ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದಲ್ಲ, ಹಾಗೆಯೇ ಸಮ್ಮರ್ ಟೈರಿನ ರಬ್ಬರ್ ಆ 7 ಡಿಗ್ರಿಯ ಕೆಳಗೆ ಬಿರುಸಾಗಿ ಹಿಡಿತ ಬಿಡುತ್ತದೆ. ವಿಂಟರ್ ಟೈರಿನ ರಬ್ಬರ್ ಆ ಚಳಿಯಲ್ಲೂ ಮೆದುವಾಗಿಯೇ ಇರುತ್ತದೆ. ಆಲ್ ಸೀಸನ್ ಎರಡರ ನಡುವೆ ರಾಜಿ ಮಾಡಿಕೊಂಡದ್ದು. ಭಾವ ಹೇಳಿದ್ದರಲ್ಲಿ ತಪ್ಪೇನಿಲ್ಲ. ಜರ್ಮನಿಯಲ್ಲಿ ರಸ್ತೆ ಹಿಮಗಟ್ಟಿದಾಗ ಅದಕ್ಕೆ ತಕ್ಕ ಟೈರ್ ಇಲ್ಲದೆ ಗಾಡಿ ಓಡಿಸಿದರೆ ದಂಡವೇ ಇದೆ. ನಮ್ಮಲ್ಲಿ ಜನವರಿ ಮುಂಜಾನೆ ಗಡಗಡ ನಡುಗಿದರೂ ಸಾಮಾನ್ಯವಾಗಿ ಹನ್ನೆರಡು, ಹದಿಮೂರು ಡಿಗ್ರಿ. ಏಪ್ರಿಲ್ ಮಧ್ಯಾಹ್ನ 36 ದಾಟುತ್ತದೆ. ಟಾರು ಅದಕ್ಕಿಂತ ಎಷ್ಟೋ ಬಿಸಿ. ಅಂಥ ರಸ್ತೆಯಲ್ಲಿ ಆಲ್ ಸೀಸನ್ ರಬ್ಬರ್ ಬೇಕಾದ್ದಕ್ಕಿಂತ ಮೆತ್ತಗಾಗುತ್ತದೆ. ಹಿಮ ಕಚ್ಚಲಿ ಅಂತ ಅದರ ಮೈತುಂಬ ಸಣ್ಣ ಸೀಳುಗಳನ್ನು ಕೊಟ್ಟಿರುತ್ತಾರೆ. ತಿರುವಲ್ಲಿ ಭಾರ ಬಿದ್ದಾಗ ಆ ತುಂಡುಗಳು ಅಲ್ಲಾಡುತ್ತವೆ. ನಮ್ಮವರಿಗೆ ಹಲ್ವ ಅನ್ನಿಸಿದ್ದು ಅದೇ.

ಮಳೆಗೂ ಅಷ್ಟೇ. ಒಳ್ಳೆಯ ಸಮ್ಮರ್ ಟೈರಿನಲ್ಲಿ ಸುತ್ತಲೂ ಅಗಲವಾದ ಕಾಲುವೆಗಳಿರುತ್ತವೆ. ತೋಟದ ಬಸಿಗಾಲುವೆ ಇದ್ದ ಹಾಗೆ. ನೀರು ಅದರಲ್ಲಿ ಹೊರಗೆ ಹೋಗುತ್ತದೆ. ಉಳಿದ ರಬ್ಬರ್ ರಸ್ತೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ. 22 ಡಿಗ್ರಿಯ ಒದ್ದೆ ರಸ್ತೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಮಿಶೆಲಿನ್ ಪೈಲಟ್ ಸ್ಪೋರ್ಟ್, ಕಾಂಟಿನೆಂಟಲ್ ಸ್ಪೋರ್ಟ್ ಕಾಂಟ್ಯಾಕ್ಟ್, ಇವೆಲ್ಲ ಈ ಜಾತಿಯವು.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ನಾನು ಹಾಕಿದ ಟೈರಿನ ವೇಗದ ಗುರುತು 'ವಿ', ಅಂದರೆ 240 ಕಿಲೋಮೀಟರ್. ಆ ಕಾರಿಗೆ ಬೇಕಾದ್ದು 'ವೈ', ಅಂದರೆ 300. ಮಂಡಗದ್ದೆ ರಸ್ತೆಯಲ್ಲಿ 240ರಲ್ಲಿ ಯಾರು ಹೋಗುತ್ತಾರೆ ಅಂತ ಸುಮ್ನೆ ಬಿಟ್ಟಿದ್ದೆ. ಆದರೆ ಆ ಅಕ್ಷರ ಬರೀ ವೇಗದ ಮಾತಲ್ಲ. ಓಡುವಾಗ ಏಳುವ ಶಾಖವನ್ನು ಟೈರ್ ಎಷ್ಟು ತಡೆದೀತು ಅನ್ನೋದೂ ಅದರಲ್ಲಿದೆ.

ಕೊನೆಗೆ ನಾಲ್ಕನ್ನೂ ನಾನೇ ವಾಪಸ್ ತಗೊಂಡೆ. ಪೋರ್ಷೆ ಒಪ್ಪಿದ 'ಎನ್' ಗುರುತಿನ ಸಮ್ಮರ್ ಟೈರ್ ತರಿಸಿದೆ. ಅಗಲ ಮುಂದೆ 235 ಮಿಲಿಮೀಟರ್, ಹಿಂದೆ 265, ಎರಡೂ 18 ಇಂಚಿನ ಚಕ್ರಕ್ಕೆ. ಅದೇ ರಸ್ತೆಯಲ್ಲಿ, ಅದೇ ಮಳೆಯಲ್ಲಿ ಮತ್ತೆ ಹೋದೆವು. ಟೇಪ್ ಹಿಡಿದು ಅಳೆಯಲಿಲ್ಲ. ಅಳೆಯುವ ಅಗತ್ಯವೂ ಕಾಣಲಿಲ್ಲ. ಕಾರು ನಿಂತ ರೀತಿಯಲ್ಲೇ ಗೊತ್ತಾಯಿತು.

ವಿಂಟರ್ ಟೈರಿನ ಮಾತು ನಮ್ಮಲ್ಲಿ ಬರುವುದೇ ಇಲ್ಲ ಅಂದುಕೊಂಡಿದ್ದೆ. ಹೋದ ವರ್ಷ ಒಬ್ಬ ಹುಡುಗ ಬಂದು "ಅಣ್ಣಾ, ಮಂಜಿನ ಟೈರ್ ಅಂತ ಇದೆಯಂತೆ, ಆಗುಂಬೆ ಮಂಜಿಗೆ ಆಗುತ್ತಾ?" ಅಂತ ಕೇಳಿದ. ಫೋನಲ್ಲಿ ಫೋಟೋ ತೋರಿಸಿದ. ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹೂವು. ಹಿಮಕ್ಕೆ ತಕ್ಕ ಟೈರಿನ ಗುರುತು ಅದು. ತಪ್ಪು ಅವನದ್ದಲ್ಲ. ಕನ್ನಡದಲ್ಲಿ ಅದೂ ಮಂಜು, ಇದೂ ಮಂಜು. ನಮ್ಮ ಮಂಜಿಗೆ ಬೇಕಾದ್ದು ಟೈರಲ್ಲ, ಫಾಗ್ ಲೈಟು ಅಂದೆ. ಅಂಥ ಟೈರನ್ನು ನಮ್ಮ ಬೇಸಿಗೆಯಲ್ಲಿ ಓಡಿಸಿದರೆ ಶಾಲೆ ಮಕ್ಕಳ ರಬ್ಬರಿನ ಹಾಗೆ ಸವೆದು ಹೋಗುತ್ತದೆ.

ಈಗ ಇಂಥ ಕಾರು ಬಂದರೆ ಟೈರಿನ ಜಾತಿಗಿಂತ ಮೊದಲು ಕಾಲುವೆಗಳ ಆಳ ನೋಡುತ್ತೇನೆ. ಹೊಸದರಲ್ಲಿ ಏಳೆಂಟು ಮಿಲಿಮೀಟರ್ ಇರುತ್ತದೆ. ಕಾನೂನಿನ ಮಿತಿ 1.6. ಆ ಮಿತಿ ಒಣ ಊರಿಗೆ ಸಾಕೇನೋ. ಮಲೆನಾಡಿಗೆ 3 ಮಿಲಿಮೀಟರ್ ಆದ ಕೂಡಲೇ ಬದಲಿಸಿ ಅನ್ನುತ್ತೇನೆ. ಅಗಲವಾದ ಟೈರ್ ನೀರಿನ ಮೇಲೆ ಬೇಗ ತೇಲುತ್ತದೆ. ಸವೆದಷ್ಟೂ ಇನ್ನೂ ಬೇಗ. ಗಾಳಿ ಕಡಿಮೆ ಇದ್ದರೆ ಮುಗೀತು. ಗಾಳಿಯನ್ನು ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಬೇಕು. ಘಾಟಿ ಇಳಿದು ಬಂದು ನೋಡಿದರೆ ಲೆಕ್ಕ ತಪ್ಪುತ್ತದೆ. ಇನ್ನು ಅಂಗಳದ ಪಾಚಿ, ಕೊಳೆತ ಎಲೆ, ಕೆಮ್ಮಣ್ಣಿನ ರಾಡಿ. ಇವುಗಳ ಮೇಲೆ ಎಷ್ಟು ದುಡ್ಡಿನ ಟೈರೂ ಒಂದೇ, ಸವೆದ ಹವಾಯಿ ಚಪ್ಪಲಿಯೂ ಒಂದೇ.

ಈ ಮೇ ಕೊನೆಯಲ್ಲಿ ಕೇಮನ್ ಮತ್ತೆ ಬಂತು. ಮುಂದಿನವು ಚೆನ್ನಾಗಿದ್ದವು. ಹಿಂದಿನವು 3ಕ್ಕೆ ಬಂದಿದ್ದವು. ಮುಂದಿನದ್ದನ್ನು ಹಿಂದಕ್ಕೆ ಹಾಕೋಣ ಅಂದರೆ ಅಳತೆಯೇ ಬೇರೆ. ಎರಡು ಹೊಸದನ್ನು ತರಿಸಿದೆ. ಅವತ್ತು ಜೊತೆಗೆ ತಂದೆಯೂ ಬಂದಿದ್ದರು. ಬಿಲ್ ತಗೊಂಡು ಕನ್ನಡಕ ಏರಿಸಿ ಎರಡು ಸಲ ನೋಡಿದರು. ಮನಸ್ಸಲ್ಲೇ ಅಡಿಕೆಯ ಕ್ವಿಂಟಾಲ್ ಲೆಕ್ಕ ಹಾಕಿದ್ದು ಕಾಣುತ್ತಿತ್ತು. ಕೇಳಿದ್ದೂ ಅಡಿಕೆಯ ಭಾಷೆಯಲ್ಲೇ. ಅಲ್ಲಿ ಸರಕು ಅಂದರೆ ಮೇಲಿನ ದರ್ಜೆ, ಗೊರಬಲು ಕೆಳಗಿನದು.

"ಇದು ಸರಕು ಅಂತಾಯ್ತು. ಹಾಗಾದ್ರೆ ನೀವು ಮೊದಲು ಹಾಕಿದ್ದು ಗೊರಬಲಾ?"

"ಅಲ್ಲ ಯಜಮಾನ್ರೆ. ಅದೂ ಸರಕೇ. ಬೇರೆ ಊರಿನ ಮಂಡಿಗೆ ಹೋಗಬೇಕಿತ್ತು."

"ವಾಪಸ್ ತಂದ ಬಾಡಿಗೆ ಯಾರು ಕೊಟ್ಟದ್ದು?"

"ನಾನೇ" ಅಂದೆ. ಅವರು ಬಿಲ್ ಮಡಿಸಿ ಜೇಬಿಗೆ ಹಾಕಿಕೊಂಡರು.