ಗುಲ್ಮಾರ್ಗ್‌ಗೆ ಹಿಮ ನೋಡಲು ಹೊರಟಿದ್ದೀರಾ? ಎರಡು ದಿನ ಜಾಸ್ತಿ ಇಟ್ಟುಕೊಳ್ಳಿ

ಫೆಬ್ರವರಿಯಲ್ಲಿ ನಾಲ್ಕು ದಿನಕ್ಕೆಂದು ಗುಲ್ಮಾರ್ಗ್‌ಗೆ ಹೋಗಿದ್ದೆವು. ಮೊದಲ ಎರಡು ದಿನ ರೂಮಿನಲ್ಲಿ ಬುಖಾರಿ ಒಲೆ ಮುಂದೆ ಕೂತು ಕಹ್ವಾ (ಕಾಶ್ಮೀರಿ ಚಹಾ) ಕುಡಿದಿದ್ದೇ ಆಯಿತು. ಹೊರಗೆ ಒಂದೇ ಸಮನೆ ಹಿಮ, ಗಾಳಿ. ಬೆಟ್ಟ ಹತ್ತಿಸುವ ರೋಪ್‌ವೇ, ಅಂದರೆ ಗೊಂಡೋಲಾ, ಬಂದ್.

ಮೂರನೇ ದಿನ ಕಣ್ಣು ಕುಕ್ಕುವ ಬಿಸಿಲು. ಟಿಕೆಟ್ ಹಿಡಿದು ಓಡಿದೆವು. ಮೊದಲ ಹಂತ ಮುಗಿಯುವ ಕೊಂಗ್‌ಡೂರಿವರೆಗೆ ಮಾತ್ರ ಬಿಟ್ಟರು. ಸುಮಾರು 3,950 ಮೀಟರ್ ಎತ್ತರದ ಅಫರ್ವತ್‌ಗೆ ಹೋಗುವ ಎರಡನೇ ಹಂತ ಮುಚ್ಚಿತ್ತು. ಇಷ್ಟು ಚೆನ್ನಾಗಿ ಬಿಸಿಲಿದೆಯಲ್ಲ, ಇನ್ನೇನಂತೆ ಇವರಿಗೆ ಅಂತ ನನಗೂ ಸಿಟ್ಟು ಬಂತು.

ನಮ್ಮ ಗೈಡ್ ಚಾಚಾ ಏನೂ ಹೇಳಲಿಲ್ಲ. ಸಮತಟ್ಟು ಜಾಗ ನೋಡಿ ಸಲಿಕೆಯಿಂದ ಸೊಂಟದಾಳ ಅಗೆದರು. ಮೇಲೆ ಹತ್ತಿಯಂಥ ಹೊಸ ಹಿಮ. ನಡುವೆ ಗಟ್ಟಿ ಪದರ. ತಳದಲ್ಲಿ ಬರೀ ಹರಳು. "ಇದನ್ನ ಉಂಡೆ ಕಟ್ಟಿ ನೋಡಿ ಸಾಬ್" ಅಂದರು. ಎಷ್ಟು ಹಿಸುಕಿದರೂ ಬನ್ಸಿ ರವೆ ಥರ ಬೆರಳ ಸಂದಿಯಿಂದ ಉದುರಿಹೋಯಿತು. ಮೇಲಿನ ಅಷ್ಟೂ ಭಾರ ಈ ರವೆಯ ಮೇಲೆ ಕೂತಿದೆ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಒಬ್ಬ ಸ್ಕೀಯರ್ ಹತ್ತಿದರೂ ಸಾಕು, ಹಾಸಿಗೆಯೇ ಜಾರಿದ ಹಾಗೆ ಜಾರುತ್ತದೆ. ಅದರಲ್ಲೂ ಗಾಳಿ ಹಿಮವನ್ನು ಹೊತ್ತು ತಂದು ಸುರಿಯುವ ಮರೆಯ ಮಗ್ಗುಲು ತುಂಬಾ ಮೋಸದ್ದು. ಹಿಮ ನಿಂತ ಮೇಲಿನ ಒಂದೆರಡು ದಿನ ಅಪಾಯ ಜಾಸ್ತಿ. ಅಂದರೆ ನಾವು ಕುಣಿದಾಡುತ್ತಿದ್ದ ಆ ದಿನವೇ. 2023ರ ಫೆಬ್ರವರಿಯಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿಯಲ್ಲಿ ರಷ್ಯಾದ ಒಬ್ಬರು ಗುಲ್ಮಾರ್ಗ್‌ನ ಹಿಮಕುಸಿತದಲ್ಲಿ ಸತ್ತಿದ್ದಾರೆ. ಮೂವರೂ ಸ್ಕೀ ಮಾಡಲು ಬಂದವರು.

ಸುಮ್ನೆ ಹಿಮದಲ್ಲಿ ಆಡಿ ಬರುವವರು ಗುರುತು ಹಾಕಿದ ಜಾಗ ಬಿಟ್ಟು ಹೋಗದಿದ್ದರೆ ಸಾಕು. "ಏನೂ ಆಗಲ್ಲ, ಬನ್ನಿ" ಅಂತ ಸ್ನೋಮೊಬೈಲ್‌ನವರು ಕರೆಯುತ್ತಾರೆ, ಹಗ್ಗ ದಾಟಬೇಡಿ. ಹೊರಗಿನ ಇಳಿಜಾರಿಗೆ ಸ್ಕೀ ಹಾಕುವವರಾದರೆ ಬೀಕನ್ (ಹೂತವರಿರುವ ಜಾಗ ಸಿಗ್ನಲ್‌ನಿಂದ ತೋರಿಸುವ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಮೂರೂ ಬೇಕು, ಬಳಸಲೂ ಬರಬೇಕು. ಹೂತುಹೋದವರನ್ನು ಹದಿನೈದು ನಿಮಿಷದೊಳಗೆ ತೆಗೆಯಬೇಕು, ಪೇಟೆಯಿಂದ ಯಾರೋ ಬರುವಷ್ಟು ಹೊತ್ತಿರುವುದಿಲ್ಲ. ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಚಳಿಗಾಲದಲ್ಲಿ ಜಿಲ್ಲಾವಾರು ಹಿಮಕುಸಿತದ ಎಚ್ಚರಿಕೆ ಕೊಡುತ್ತದೆ. ಗುಲ್ಮಾರ್ಗ್‌ಗೆ ಬಾರಾಮುಲ್ಲಾ ಜಿಲ್ಲೆಯದು ನೋಡಿ.

ಪೋಸ್ಟ್‌ಪೇಯ್ಡ್ ಸಿಮ್ ಒಯ್ಯಿರಿ, ನಮ್ಮೂರಿನ ಪ್ರೀಪೇಯ್ಡ್ ಅಲ್ಲಿ ನಡೆಯಲ್ಲ. ಬೆಟ್ಟದ ಕೆಳಗಿನ ಊರು ತಂಗ್‌ಮಾರ್ಗ್‌ನಿಂದ ಮೇಲಿನ 13 ಕಿಲೋಮೀಟರ್‌ಗೆ ಚಕ್ರಕ್ಕೆ ಚೈನ್ ಹಾಕಿದ ಗಾಡಿ ಬೇಕು. ವಾಪಸ್ ಫ್ಲೈಟ್ ಕೊನೆಯ ದಿನಕ್ಕೇ ಒತ್ತಿ ಇಟ್ಟುಕೊಳ್ಳಬೇಡಿ.

ನಾವು ಹಾಗೇ ಇಟ್ಟುಕೊಂಡಿದ್ದೆವು. ಎರಡನೇ ಹಂತ ತೆರೆದದ್ದು ನಾವು ಬೆಂಗಳೂರಿಗೆ ಬಂದಿಳಿದ ಮಾರನೇ ದಿನ. ಚಾಚಾ ಫೋಟೋ ಕಳಿಸಿದ್ದರು.