ಗೆಟರ್, ಸೆಟರ್ ಮತ್ತು ಹಳೆಯ ಬ್ರೌಸರ್‌ಗಳು

ಜಾವಾಸ್ಕ್ರಿಪ್ಟ್ ಆಬ್ಜೆಕ್ಟಿನ ಪ್ರಾಪರ್ಟಿಯೊಂದನ್ನು ಓದುವಾಗ ಅಥವಾ ಅದಕ್ಕೆ ಹೊಸ ಮೌಲ್ಯ ಕೊಡುವಾಗ ನಮ್ಮದೇ ಫಂಕ್ಷನ್ (ಓದುವಾಗಿನದು ಗೆಟರ್, ಮೌಲ್ಯ ಕೊಡುವಾಗಿನದು ಸೆಟರ್) ಓಡುವಂತೆ ಮಾಡುವ ಅನುಕೂಲವನ್ನು ಮೊದಲು ಕೊಟ್ಟದ್ದು ಮೊಜಿಲ್ಲಾ ಬಳಗದ ಬ್ರೌಸರ್‌ಗಳು. ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಇರುವ ಡಿಫೈನ್‌ಗೆಟರ್, ಡಿಫೈನ್‌ಸೆಟರ್ ಎಂಬ ಆ ಮೆಥಡ್‌ಗಳನ್ನು ಸಫಾರಿ, ಒಪೆರಾ, ಕ್ರೋಮ್‌ಗಳೂ ಅಳವಡಿಸಿಕೊಂಡವು. 2009ರ ಡಿಸೆಂಬರಿನಲ್ಲಿ ಬಂದ, ಜಾವಾಸ್ಕ್ರಿಪ್ಟಿನ ಮಾನಕವಾದ ಎಕ್ಮಾಸ್ಕ್ರಿಪ್ಟ್ 5 ಇದೇ ಕೆಲಸಕ್ಕೆ ಆಬ್ಜೆಕ್ಟ್.ಡಿಫೈನ್‌ಪ್ರಾಪರ್ಟಿ ಎಂಬ ಅಧಿಕೃತ ದಾರಿಯನ್ನು ತೋರಿಸಿತು.

ನಿಜವಾದ ತೊಡಕು ಇರುವುದು ಇಂಟರ್ನೆಟ್ ಎಕ್ಸ್‌ಪ್ಲೋರರ್ 8ರಲ್ಲಿ. ಆ ಮಾನಕಕ್ಕಿಂತ ಕೆಲವು ತಿಂಗಳು ಮೊದಲೇ ಬಿಡುಗಡೆಯಾದ ಅದರಲ್ಲಿ ಡಿಫೈನ್‌ಪ್ರಾಪರ್ಟಿ ಇದೆ, ಆದರೆ ಡಾಮ್ (ವೆಬ್ ಪುಟದ ಭಾಗಗಳನ್ನು ಪ್ರತಿನಿಧಿಸುವ) ಆಬ್ಜೆಕ್ಟ್‌ಗಳ ಮೇಲೆ ಮಾತ್ರ ನಡೆಯುತ್ತದೆ. ಸಾಮಾನ್ಯ ಆಬ್ಜೆಕ್ಟಿನ ಮೇಲೆ ಕರೆದರೆ ಎರರ್ ಎಸೆಯುತ್ತದೆ. ಆದ್ದರಿಂದ ಫಂಕ್ಷನ್ ಇದೆಯೇ ಎಂದಷ್ಟೇ ನೋಡುವ ಪರೀಕ್ಷೆ ಇಲ್ಲಿ ಪಾಸಾಗಿ, ಮುಂದಿನ ಸಾಲಿನಲ್ಲಿಯೇ ಪ್ರೋಗ್ರಾಂ ಮುರಿದು ಬೀಳುತ್ತದೆ. ಒಂದು ಟ್ರೈ ಬ್ಲಾಕಿನೊಳಗೆ ಖಾಲಿ ಆಬ್ಜೆಕ್ಟ್ ತೆಗೆದುಕೊಂಡು, ಅದಕ್ಕೆ 1 ಹಿಂದಿರುಗಿಸುವ ಗೆಟರ್ ಜೋಡಿಸಿ, ಓದಿದಾಗ 1 ಬಂದರೆ ಮಾತ್ರ ಬೆಂಬಲವಿದೆ ಎಂದು ತೀರ್ಮಾನಿಸುವುದೊಂದೇ ನಾನು ನಂಬುವ ವಿಧಾನ. ಇದು ವಿಫಲವಾದರೆ ಅಂಡರ್‌ಸ್ಕೋರ್ ಮೆಥಡ್‌ಗಳನ್ನು ಹುಡುಕಬೇಕು. ಡಾಮ್ ನೋಡ್‌ಗಳಿಗೆ ಗೆಟರ್ ಬೇಕಿದ್ದರೆ ಇದೇ ಪರೀಕ್ಷೆಯನ್ನು ಒಂದು ಡಿವ್ ಮೇಲೆ ಪ್ರತ್ಯೇಕವಾಗಿ ನಡೆಸಬೇಕು. ಅಲ್ಲಿಯೂ ಎಕ್ಸ್‌ಪ್ಲೋರರ್ 8 ಎನ್ಯುಮರಬಲ್ (ಲೂಪಿನಲ್ಲಿ ಪ್ರಾಪರ್ಟಿ ಕಾಣಿಸಬೇಕೇ ಎಂಬ ಆಯ್ಕೆ) ಅನ್ನು ಟ್ರೂ ಎಂದು ಕೊಟ್ಟರೆ ಒಪ್ಪುವುದಿಲ್ಲ.

ಎರಡೂ ದಾರಿಗಳಿಂದ ಹುಟ್ಟುವ ಪ್ರಾಪರ್ಟಿಗಳು ಒಂದೇ ಬಗೆಯವಲ್ಲ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಹಳೆಯ ಮೆಥಡ್‌ನಿಂದ ಸೇರಿಸಿದ್ದು ಫಾರ್-ಇನ್ ಲೂಪಿನಲ್ಲಿ ಕಾಣಿಸುತ್ತದೆ, ಡಿಲೀಟ್ ಮಾಡಲೂ ಬರುತ್ತದೆ. ಡಿಫೈನ್‌ಪ್ರಾಪರ್ಟಿಯಲ್ಲಾದರೋ ಎನ್ಯುಮರಬಲ್, ಕಾನ್ಫಿಗರಬಲ್ (ಡಿಲೀಟ್ ಮಾಡಬಹುದೇ ಎಂಬ ಆಯ್ಕೆ) ಎರಡನ್ನೂ ನಾವು ಹೇಳದಿದ್ದರೆ ಅವು ಫಾಲ್ಸ್ ಆಗಿಯೇ ಉಳಿಯುತ್ತವೆ. ಈ ದಾರಿಗಳಲ್ಲೊಂದನ್ನು ಆರಿಸಿ ಗೆಟರ್, ಸೆಟರ್ ಜೋಡಿಸಲು ನಾವು ಬರೆಯುವ ಸಹಾಯಕ ಫಂಕ್ಷನ್ ಎರಡಕ್ಕೂ ಟ್ರೂ ಕೊಟ್ಟರೆ ಮಾತ್ರ, ಎಕ್ಸ್‌ಪ್ಲೋರರ್ 8ರ ಡಾಮ್ ನೋಡ್‌ಗಳನ್ನು ಬಿಟ್ಟು, ಎಲ್ಲ ಬ್ರೌಸರ್‌ಗಳಲ್ಲಿ ಒಂದೇ ನಡವಳಿಕೆ ಸಿಗುತ್ತದೆ.

ಆಬ್ಜೆಕ್ಟ್ ಲಿಟರಲ್‌ನೊಳಗೆ (ಆಬ್ಜೆಕ್ಟನ್ನು ಬರೆಯುವ ಪುಷ್ಪಾವರಣದೊಳಗೆ) ನೇರವಾಗಿ ಗೆಟ್ ಎಂದು ಬರೆಯುವ ಶೈಲಿ ಎಷ್ಟೇ ಅಂದವಾಗಿದ್ದರೂ ಇಂಥ ಕಡೆ ಸಲ್ಲದು. ಅದನ್ನು ಅರಿಯದ ಬ್ರೌಸರ್ ಇಡೀ ಫೈಲನ್ನೇ ಸಿಂಟ್ಯಾಕ್ಸ್ ಎರರ್ ಎಂದು ತಳ್ಳಿಹಾಕುವುದರಿಂದ, ಅದೇ ಫೈಲಿನ ಟ್ರೈ-ಕ್ಯಾಚ್ ಓಡುವ ಹಂತವೇ ಬರುವುದಿಲ್ಲ.

ಎಕ್ಸ್‌ಪ್ಲೋರರ್ 8ರಲ್ಲಿ ಡಾಮ್ ನೋಡನ್ನೇ ಸಾಮಾನ್ಯ ಆಬ್ಜೆಕ್ಟಿನಂತೆ ಬಳಸುವ ಉಪಾಯವೂ ಉಂಟು. ಆದರೆ ಆ ನೋಡಿನ ಐಡಿ, ಟೈಟಲ್ ಮುಂತಾದ ಸ್ವಂತ ಪ್ರಾಪರ್ಟಿಗಳು ನಮ್ಮ ಹೆಸರುಗಳೊಡನೆ ಡಿಕ್ಕಿ ಹೊಡೆಯುತ್ತವೆ. ಹಾಗಾಗಿ ಎರಡೂ ದಾರಿ ಮುಚ್ಚಿರುವಲ್ಲಿ ಸಹಾಯಕ ಫಂಕ್ಷನ್ ಸ್ಪಷ್ಟವಾದ ಎರರ್ ಕೊಡಬೇಕು. ಸುಮ್ಮನಿದ್ದರೆ ಸೆಟರ್ ಓಡದೆಯೇ ಮೌಲ್ಯ ಬದಲಾಗಿ, ದೋಷ ಬೇರೆಲ್ಲೋ ತಲೆ ಎತ್ತುತ್ತದೆ. ಅಂಥ ಬ್ರೌಸರ್‌ಗಳನ್ನು ಬೆಂಬಲಿಸಲೇಬೇಕಾದ ಲೈಬ್ರರಿಗೆ ಗೆಟ್ ಮತ್ತು ಸೆಟ್ ಎಂಬ ಎರಡು ಮಾಮೂಲು ಮೆಥಡ್‌ಗಳೇ ಸಾಕು.