ಅಜ್ಜಿಯೂ ಬಂದ ಬುಧವಾರ

ಕೇರಳದಲ್ಲಿ ಬುಧವಾರ ಅಂದರೆ ಮಕ್ಕಳ ಇಂಜೆಕ್ಷನ್ನಿನ ದಿನ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ನಮ್ಮ ಮೂಲೆಗೂ ಅದೇ ಲೆಕ್ಕ. ಸೋಮವಾರವೇ ಊರಿನ ಆಶಾ ಕಾರ್ಯಕರ್ತೆಯ, ನಮ್ಮ ಬಾಯಲ್ಲಿ ಆಶಾ ಅಕ್ಕನ, ಫೋನ್ ಬರುತ್ತದೆ. "ಬುಧವಾರ ಮರೀಬೇಡಿ ಆಯ್ತಾ. ಎಂಆರ್ ಉಂಟು. ಮಕ್ಕಳೆಲ್ಲ ಒಟ್ಟಿಗೆ ಬಂದ್ರೆ ಒಳ್ಳೇದು." ಎಂಆರ್ ಅಂದರೆ ದಡಾರ, ರುಬೆಲ್ಲಾ ಎರಡಕ್ಕೂ ಸೇರಿದ ಇಂಜೆಕ್ಷನ್. ಒಟ್ಟಿಗೆ ಯಾಕೆ ಬರಬೇಕು ಅಂತ ನನಗೆ ಗೊತ್ತಾದದ್ದು ಕಳೆದ ಮಳೆಗಾಲದಲ್ಲಿ, ಮಗನ ಒಂದೂವರೆ ವರ್ಷದ ಇಂಜೆಕ್ಷನ್ನಿಗೆ ಹೋದಾಗ.

ಈ ಒಂದೂವರೆ ವರ್ಷದ್ದೇ ಜಾಸ್ತಿ ತಪ್ಪಿಹೋಗುವುದು. ಬಾಣಂತನದ ಸಮಯದಲ್ಲಿ ಮನೆಮಂದಿಗೆಲ್ಲ ತಾರೀಕು ಬಾಯಿಪಾಠ ಇರುತ್ತದೆ. ಹುಟ್ಟಿದಾಗ ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ. ಆಮೇಲೆ ಆರು, ಹತ್ತು, ಹದಿನಾಲ್ಕು ವಾರಕ್ಕೆ. ಮತ್ತೆ ಒಂಬತ್ತು ತಿಂಗಳಿಗೆ. ಮಗು ಅಂಗಳದಲ್ಲಿ ಓಡಲು ಶುರು ಮಾಡಿದ ಮೇಲೆ ಅದು ಗಟ್ಟಿಯಾಯಿತು, ಇನ್ನೆಂತ ಇಂಜೆಕ್ಷನ್ ಅಂತ ಎಲ್ಲರಿಗೂ ಅನಿಸುತ್ತದೆ. ಆದರೆ 16ರಿಂದ 24 ತಿಂಗಳ ಒಳಗೆ ಎಂಆರ್ ಎರಡನೇ ಡೋಸ್, ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುವಿನದ್ದು) ಬೂಸ್ಟರ್, ಪೋಲಿಯೋ ಹನಿ ಆಗಬೇಕು. ದಡಾರದ ವಿಷಯದಲ್ಲಂತೂ ಎರಡನೇ ಡೋಸನ್ನು ಬಿಡುವ ಹಾಗೇ ಇಲ್ಲ. ಒಂಬತ್ತು ತಿಂಗಳಿಗೆ ಹಾಕಿದ್ದು ಕೆಲವು ಮಕ್ಕಳಿಗೆ ಹಿಡಿದೇ ಇರುವುದಿಲ್ಲ. ಯಾರಿಗೆ ಹಿಡಿದಿಲ್ಲ ಅಂತ ಹೊರಗಿನಿಂದ ನೋಡಿ ಹೇಳಲು ಆಗುವುದಿಲ್ಲ, ಹಾಗಾಗಿ ಎಲ್ಲರಿಗೂ ಇನ್ನೊಮ್ಮೆ.

ನಮ್ಮ ಮನೆಯಲ್ಲಿ ಅಡ್ಡ ನಿಂತದ್ದು ಅಜ್ಜಿ. ನನ್ನ ಗಂಡನ ಅಜ್ಜಿ, ಎಂಬತ್ತು ದಾಟಿದವರು. ಈಗಲೂ ಬೆಳಿಗ್ಗೆ ತೋಟಕ್ಕೆ ಹೋಗಿ ಬಿದ್ದ ಅಡಿಕೆ ಹೆಕ್ಕದಿದ್ದರೆ ಅವರಿಗೆ ಕಾಫಿ ಸೇರುವುದಿಲ್ಲ. ಹದಿನಾಲ್ಕು ವಾರದ ಪೆಂಟಾ, ಅಂದರೆ ಐದು ರೋಗಕ್ಕೆ ಒಟ್ಟಿಗಿರುವ ಇಂಜೆಕ್ಷನ್, ಹಾಕಿಸಿ ಬಂದ ರಾತ್ರಿ ಮಗನಿಗೆ ಮೈ ಸುಡುವ ಜ್ವರ. ತೊಡೆ ಬೀಗಿ ಕೆಂಪಾಗಿತ್ತು. ಮುಟ್ಟಿದರೆ ಕಿರುಚುತ್ತಿದ್ದ. ಬೆಳಗಿನ ಜಾವದವರೆಗೆ ಅಜ್ಜಿ ಅವನನ್ನು ಹೆಗಲಿಗೆ ಹಾಕಿಕೊಂಡು ಚಾವಡಿಯಲ್ಲಿ ನಡೆದರು. ಮರುದಿನ ಜ್ವರ ಇಳಿಯಿತು, ಎರಡು ದಿನದಲ್ಲಿ ಬಾವೂ ಹೋಯಿತು. ಅಜ್ಜಿಗೆ ಮಾತ್ರ ಆ ರಾತ್ರಿ ಮರೆಯಲಿಲ್ಲ. ಒಂಬತ್ತು ತಿಂಗಳಿನದ್ದಕ್ಕೆ ಮುಖ ಊದಿಸಿಕೊಂಡು ಸುಮ್ಮನಿದ್ದರು. ಈ ಸಲ ನೇರವಾಗಿಯೇ ಹೇಳಿದರು, "ಆಡಿಕೊಂಡಿರುವ ಮಗುವಿಗೆ ಜ್ವರ ಬರಿಸುದು ಯಾಕೆ?"

ಇವರು, ಅಂದರೆ ನನ್ನ ಗಂಡ, ಪೇಪರ್ ಓದುವ ಜನ. 2016ರಲ್ಲಿ ಮಲಪ್ಪುರದಲ್ಲಿ ಡಿಫ್ತೀರಿಯಾ, ಅಂದರೆ ಗಂಟಲಮಾರಿ, ಮತ್ತೆ ಬಂದು ಮಕ್ಕಳು ತೀರಿಕೊಂಡದ್ದನ್ನು ಹೇಳಿದರು. ಇಂಜೆಕ್ಷನ್ ಹಾಕಿಸದ ಮಕ್ಕಳಿಗೇ ಅದು ಜಾಸ್ತಿ ತಾಗಿದ್ದು ಅಂದರು. ಅಜ್ಜಿ ಕೇಳಿಸಿಕೊಂಡರು. ಆಮೇಲೆ ಎಲೆಗೆ ಸುಣ್ಣ ಹಚ್ಚುತ್ತಾ ಒಂದೇ ಮಾತು ಹೇಳಿದರು, "ಹೆಲಿಕಾಪ್ಟರಿನವರೂ ಮದ್ದು ಅಂತಲೇ ಹೇಳಿದ್ದು."

ಹೊರಗಿನವರಿಗೆ ಈ ಮಾತು ಅರ್ಥವಾಗಲಿಕ್ಕಿಲ್ಲ. ನಮ್ಮ ಸುತ್ತಿನ ಗುಡ್ಡಗಳಲ್ಲಿ ಸರಕಾರಿ ಗೇರು ತೋಟಗಳಿವೆ. 1970ರ ದಶಕದ ಕೊನೆಯಿಂದ 2000ದವರೆಗೆ ಅವುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗೇರು ಹೂವಿಗೆ ಬರುವ ಕೀಟಕ್ಕೆ ಮದ್ದು ಅಂತ. ಆಮೇಲೆ ಪಡ್ರೆ, ಸ್ವರ್ಗ ಅನ್ನುವ ಊರುಗಳ ಕಡೆಯ ಮನೆಗಳಲ್ಲಿ ಏನಾಯಿತು ಅಂತ ದೇಶವೇ ನೋಡಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶಪೂರ್ತಿ ನಿಲ್ಲಿಸಿತು. ಅಜ್ಜಿ ಹೇಳುವುದು ಹೀಗೆ: "ಬಾವಿ ಮುಚ್ಚಿ ಅಂದರು. ಬಾವಿಗೆ ತೆಂಗಿನ ಮಡಲು ಹಾಸಿದೆವು. ಗುಡ್ಡಕ್ಕೆ ಕೊರೆದ ಸುರಂಗದಿಂದ ಅಡಿಕೆ ಮರದ ದಂಬೆಯಲ್ಲಿ ಬರುವ ನೀರಿಗೆ ಎಂತ ಹಾಸುದು? ಆ ಗುಡ್ಡದ ಮಳೆ ನೀರೇ ಅಲ್ವಾ ಸುರಂಗಕ್ಕೆ ಇಳಿಯುದು? ಕೇಳಲಿಕ್ಕೆ ಹೋದರೆ ಒಬ್ಬರೂ ಇಲ್ಲ. ಹೆಲಿಕಾಪ್ಟರ್ ಹೋಗಿ ಆಗಿತ್ತು."

ವಾಟ್ಸಾಪಿನಲ್ಲಿ ಬರುವ ಹುಚ್ಚು ಸಂದೇಶ ಓದಿ ಹೆದರುವವರು ಬೇರೆ, ಅಜ್ಜಿ ಬೇರೆ. 2017ರ ಅಕ್ಟೋಬರಿನಲ್ಲಿ ಕೇರಳದಲ್ಲಿ ಒಂಬತ್ತು ತಿಂಗಳಿಂದ ಹದಿನೈದು ವರ್ಷದವರಿಗೆಲ್ಲ ಎಂಆರ್ ಹಾಕಿದಾಗ ಅಂಥ ಸಂದೇಶಗಳು ಬೇಕಾದಷ್ಟು ಓಡಾಡಿದ್ದವು. ಅವಕ್ಕೆ ಉತ್ತರ ಸುಲಭ, ಸುಳ್ಳು ಅಂದರೆ ಮುಗಿಯಿತು. ಅಜ್ಜಿ ಹೇಳಿದ್ದು ಸುಳ್ಳಲ್ಲ. ಅದು ಇಂಜೆಕ್ಷನ್ನಿಗೆ ಹೊಂದುವುದಿಲ್ಲ, ಅಷ್ಟೇ. ಹೊಂದುವುದಿಲ್ಲ ಅಂತ ನಾನು ಹೇಳಿದರೆ ಆಗುವುದಿಲ್ಲ. ನಾನು ವಿಟ್ಲದಿಂದ ಅಡ್ಕಸ್ಥಳದ ಗಡಿ ದಾಟಿ ಮದುವೆಯಾಗಿ ಬಂದವಳು, ಆ ಹೆಲಿಕಾಪ್ಟರನ್ನು ಕಂಡವಳೇ ಅಲ್ಲ.

ಅಜ್ಜಿಯ ತೋಳಿನಲ್ಲಿ ಸಿಡುಬಿನ ಅಚ್ಚು, ಅಂದರೆ ಆ ಕಾಲದ ಲಸಿಕೆಯ ಗುರುತು, ಇದೆ. ಹಳೆಯ ನಾಣ್ಯದಷ್ಟು ಅಗಲದ ಎರಡು ಕಲೆ. ನಡುವೆ ಗುಳಿ, ಸುತ್ತ ಚರ್ಮ ಸುಕ್ಕು. "ಇದೂ ಸರಕಾರದ್ದೇ ಅಲ್ವಾ ಅಜ್ಜಿ? ಇದರಿಂದಾಗಿ ಸಿಡುಬೇ ಹೋಯಿತಲ್ಲ" ಅಂದೆ. 1975ರ ನಂತರ ನಮ್ಮ ದೇಶದಲ್ಲಿ ಸಿಡುಬು ಇಲ್ಲ, 1980ರಲ್ಲಿ ಲೋಕದಲ್ಲೇ ಇಲ್ಲ ಅಂತ ಸಾರಿದರು. ಒಳ್ಳೆಯ ಪಾಯಿಂಟ್ ಸಿಕ್ಕಿತು ಅಂದುಕೊಂಡಿದ್ದೆ. ಅಜ್ಜಿ ನಕ್ಕರು. "ಇದು ಕೇಳಿ ಹಾಕಿದ್ದಲ್ಲ ಮಗಾ, ಹಿಡಿದು ಹಾಕಿದ್ದು. ಅಚ್ಚು ಹಾಕುವವರು ಬಂದರು ಅಂದರೆ ನಾವು ಮಕ್ಕಳು ತೋಟದ ಕಣಿಯಲ್ಲಿ ಅಡಗುದು. ಅಪ್ಪನೇ ಎಳಕೊಂಡು ಬಂದು ಕೈ ಹಿಡಿದದ್ದು." ಅದು ಕಾಸರಗೋಡು ಇನ್ನೂ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲ, 1956ಕ್ಕೆ ಮೊದಲು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು ಅವರೇ ಅಂದರು, "ಬುಧವಾರ ನಾನೂ ಬರ್ತೇನೆ. ಎಂತ ಹಾಕ್ತಾರೆ ನೋಡ್ಬೇಕು."

ಹಾಗೆ ಜೀಪಿನಲ್ಲಿ ನಾಲ್ವರು ಹೊರಟೆವು. ಜೋರು ಮಳೆ. ಆರೋಗ್ಯ ಉಪಕೇಂದ್ರದ ಜಗಲಿಯಲ್ಲಿ ಕೊಡೆಗಳ ರಾಶಿ, ಒಳಗೆ ಎರಡು ಬೆಂಚು. ಸಿಸ್ಟರ್ ಪಯ್ಯನ್ನೂರಿನ ಕಡೆಯವರು. ಮಲಯಾಳ, ತುಳು, ಕನ್ನಡ ಮೂರನ್ನೂ ಬೆರೆಸಿ ಮಾತಾಡುತ್ತಾರೆ. ಅಜ್ಜಿಗೆ ಮಲಯಾಳ ಚೆನ್ನಾಗಿ ಬರುತ್ತದೆ. ಬೇಡದ ಮಾತು ಬಂದಾಗ ಮಾತ್ರ ಬರುವುದಿಲ್ಲ.

ಅಜ್ಜಿ ಬೆಂಚಿನಲ್ಲಿ ಕೂರಲಿಲ್ಲ. ಮೇಜಿನ ಪಕ್ಕವೇ ನಿಂತರು. "ಇದರಲ್ಲಿ ಎಂತ ಉಂಟು?"

ನಾನು ಮುಜುಗರಪಟ್ಟುಕೊಂಡೆ. ಸಿಸ್ಟರಿಗೆ ಏನೂ ಅನಿಸಲಿಲ್ಲ. ನೀಲಿ ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸಿದರು. ನಾಲ್ಕು ಬದಿಗೂ ಐಸ್ ಪ್ಯಾಕ್, ನಡುವೆ ಪ್ಲಾಸ್ಟಿಕ್ ಚೀಲದಲ್ಲಿ ಬೆರಳುದ್ದದ ಬಾಟಲಿಗಳು. ಎರಡರಿಂದ ಎಂಟು ಡಿಗ್ರಿಯಲ್ಲೇ ಇರಬೇಕು, ಬಿಸಿಯೂ ಆಗಬಾರದು, ಡಿಪಿಟಿಯಂಥದ್ದು ಗಟ್ಟಿ ಐಸೂ ಆಗಬಾರದು ಅಂದರು. ಬಾಟಲಿಯ ಮೇಲೆ ಸಣ್ಣ ವೃತ್ತ, ಅದರೊಳಗೆ ಒಂದು ಚೌಕ. ಚೌಕ ಬಿಳಿ ಇದ್ದರೆ ಮದ್ದು ಸರಿ ಇದೆ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತದೆ, ವೃತ್ತದ ಬಣ್ಣಕ್ಕೇ ಬಂದರೆ ಹಾಕುವ ಹಾಗಿಲ್ಲ. ಅಜ್ಜಿ ಕನ್ನಡಕ ಮೇಲೆ ಮಾಡಿ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಕ್ಕಿಯಲ್ಲಿ ಕಲ್ಲು ನೋಡುವ ಹಾಗೆ ನೋಡಿದರು. "ಬಿಳಿ ಉಂಟು" ಅಂತ ನನಗೆ ವರದಿ ಒಪ್ಪಿಸಿದರು.

ಆಮೇಲೆ ಸಿಸ್ಟರ್ ಹೇಳಿದ ಮಾತುಗಳನ್ನು ನಾನು ಈಗಲೂ ಬೇರೆ ತಾಯಂದಿರಿಗೆ ಹೇಳುತ್ತಿರುತ್ತೇನೆ. "ಅಜ್ಜಿ, ಡಿಪಿಟಿಗೆ ಜ್ವರ ಬರ್ತದೆ. ಇವತ್ತು ರಾತ್ರಿ ಅಥವಾ ನಾಳೆ. ತೊಡೆ ನೋಯ್ತದೆ. ಅದಕ್ಕೆ ಸಿರಪ್ ಕೊಡ್ತೇನೆ, ತೂಕ ನೋಡಿ ಎಷ್ಟು ಅಂತ ಬರೆದು ಕೊಡ್ತೇನೆ. ಎಣ್ಣೆ ಹಾಕಿ ತಿಕ್ಕುದು ಬೇಡ, ಬಿಸಿ ಇಡುದು ಬೇಡ. ಎಂಆರಿನದ್ದು ಹಾಗಲ್ಲ. ಅದು ದಡಾರದ ವೈರಸ್ಸನ್ನೇ ಬಲ ತೆಗೆದು ಕೊಡುದು. ಇವತ್ತು ಏನೂ ಆಗುದಿಲ್ಲ. ಒಂದು ವಾರ ಕಳೆದು, ಹನ್ನೆರಡು ದಿನದ ಒಳಗೆ, ಸಣ್ಣ ಜ್ವರ ಬರ್ಬಹುದು, ಮೈಮೇಲೆ ಕೆಂಪು ಬೀಳ್ಬಹುದು. ಬಾರದೆಯೂ ಇರ್ಬಹುದು. ಬಂದರೆ ಅದೇ ಹೋಗ್ತದೆ, ಇನ್ನೊಬ್ಬರಿಗೆ ಹರಡುದಿಲ್ಲ. ಜ್ವರ ಜೋರಾದರೆ, ಮಗು ಮಂಕಾದರೆ, ನನಗೆ ಫೋನ್ ಮಾಡಿ. ರಾತ್ರಿ ಆದರೂ ಮಾಡಿ."

ಅಜ್ಜಿ ತಡೆದು ಕೇಳಿದರು. "ಕೆಪ್ಪಟ್ರಾಯಕ್ಕೂ ಇದೇ ಆಗ್ತದಾ?" ನಮ್ಮ ಕಡೆ ಮಂಗನಬಾವಿಗೆ ಹಾಗನ್ನುವುದು. ಅದಕ್ಕೆ ಹಿಂದಿನ ವರ್ಷವಷ್ಟೇ ಮಗಳ ತರಗತಿಯಲ್ಲಿ ಅರ್ಧ ಮಕ್ಕಳ ಕೆನ್ನೆ ಊದಿತ್ತು.

"ಇಲ್ಲ ಅಜ್ಜಿ. ಸರಕಾರದ್ದರಲ್ಲಿ ಅದು ಇಲ್ಲ. ದಡಾರ, ರುಬೆಲ್ಲಾ ಎರಡೇ. ಕೆಪ್ಪಟ್ರಾಯದ್ದೂ ಸೇರಿದ್ದು ಬೇಕಾದರೆ ಎಂಎಂಆರ್ ಅಂತ ಹೊರಗೆ ದುಡ್ಡು ಕೊಟ್ಟು ಹಾಕಿಸ್ಬೇಕು."

ಈ 'ಇಲ್ಲ' ಅಜ್ಜಿಗೆ ಹಿಡಿಸಿತು. ಅವರ ಮುಖ ನೋಡಿಯೇ ಗೊತ್ತಾಯಿತು. ಎಲ್ಲದಕ್ಕೂ ಆಗುತ್ತದೆ ಅನ್ನುವ ಮದ್ದಿನವರನ್ನು ಅವರು ಜಾತ್ರೆಯಲ್ಲಿ ಬೇಕಾದಷ್ಟು ನೋಡಿದ್ದಾರೆ.

ಮಗನಿಗೆ ಬಾಯಿಗೆ ಪೋಲಿಯೋ ಎರಡು ಹನಿ, ಚಮಚದಲ್ಲಿ ಹಳದಿ ವಿಟಮಿನ್ ಎ, ಬಲ ತೋಳಿಗೆ ಎಂಆರ್, ಎಡ ತೊಡೆಗೆ ಡಿಪಿಟಿ. ಕಿರುಚಾಟ ಒಂದು ನಿಮಿಷವೂ ಇರಲಿಲ್ಲ. ಪ್ರತಿ ಸಲವೂ ಹೊಸ ಸಿರಿಂಜ್. ಒಮ್ಮೆ ಒತ್ತಿದ ಮೇಲೆ ಅದರ ದಂಡ ಮತ್ತೆ ಹಿಂದಕ್ಕೆ ಬರುವುದೇ ಇಲ್ಲ, ಇನ್ನೊಬ್ಬರಿಗೆ ಬಳಸಬೇಕೆಂದರೂ ಆಗುವುದಿಲ್ಲ. ಸೂಜಿಯನ್ನು ಅಲ್ಲೇ ಒಂದು ಕಟ್ಟರಿನಲ್ಲಿ ಕತ್ತರಿಸಿ ಹಾಕಿದರು.

ಅರ್ಧ ಗಂಟೆ ಕೂರಬೇಕು. ಆಗ ಅಜ್ಜಿಯ ಕಣ್ಣು ಎಂಆರ್ ಬಾಟಲಿಯ ಮೇಲೆ ಬಿತ್ತು. ಸಿಸ್ಟರ್ ಅದರ ಮೇಲೆ ಪೆನ್ನಿನಲ್ಲಿ ಸಮಯ ಬರೆದಿದ್ದರು. ಮಳೆಗೆ ಆ ದಿನ ಮಕ್ಕಳು ಕಡಿಮೆ, ಬಾಟಲಿಯಲ್ಲಿ ಇನ್ನೂ ಉಳಿದಿತ್ತು. "ಅದನ್ನು ಎಂತ ಮಾಡುದು?" ಅಂತ ಅಜ್ಜಿ.

"ಪುಡಿಗೆ ನೀರು ಕಲಸಿದ ಮೇಲೆ ನಾಲ್ಕು ಗಂಟೆ ಅಷ್ಟೇ. ಆಮೇಲೆ ಯಾರಿಗೂ ಹಾಕುವ ಹಾಗಿಲ್ಲ. ಇದರಲ್ಲಿ ಕೆಡದ ಹಾಗೆ ಇಡುವಂಥದ್ದು ಏನೂ ಸೇರಿಸಿಲ್ಲ. ಬಿಸಾಡ್ಬೇಕು."

"ಇಷ್ಟೂ?"

"ಇಷ್ಟೂ."

ಒಟ್ಟಿಗೆ ಬನ್ನಿ ಅಂತ ಆಶಾ ಅಕ್ಕ ಹೇಳುವುದು ಇದಕ್ಕೇ. ಹಾಗಂತ ಒಂದೇ ಮಗು ಬಂದರೂ ಬಾಟಲಿ ಒಡೆಯುತ್ತಾರೆ, ಮಗುವನ್ನು ವಾಪಸ್ ಕಳಿಸುವುದಿಲ್ಲ. ಡಿಪಿಟಿಗೆ ಈ ತಾಪತ್ರಯ ಇಲ್ಲ, ಸರಿಯಾಗಿ ತಣ್ಣಗಿಟ್ಟರೆ ತೆರೆದ ಬಾಟಲಿಯನ್ನೂ 28 ದಿನದವರೆಗೆ ಬಳಸಬಹುದಂತೆ. ದೋಸೆ ಹಿಟ್ಟು ಹುಳಿಯಾದರೂ ಬಿಸಾಡಲು ಬಿಡದ ಅಜ್ಜಿ ಆ ಬಾಟಲಿಯನ್ನೇ ನೋಡುತ್ತಾ ಕೂತರು. "ಸರಕಾರದವರು ಕೆಟ್ಟದ್ದನ್ನು ಬಿಸಾಡುದನ್ನು ಇವತ್ತು ನೋಡಿದೆ" ಅಂತ ತುಳುವಿನಲ್ಲಿ ಪಕ್ಕದವರ ಹತ್ತಿರ ಹೇಳಿದರು. ಹೊಗಳಿದ್ದೋ ಬೈದದ್ದೋ ಗೊತ್ತಾಗಲಿಲ್ಲ.

ಸುಮ್ನೆ ಕೂತಿದ್ದೀರಲ್ಲ ಅಂತ ಆಶಾ ಅಕ್ಕ ಅಜ್ಜಿಯ ಕೈಗೆ ಬಿಪಿ ಪಟ್ಟಿ ಸುತ್ತಿದರು. ಜಾಸ್ತಿ ಬಂತು. ಸ್ವಲ್ಪ ಬಿಟ್ಟು ಮತ್ತೆ ನೋಡಿದರೂ ಜಾಸ್ತಿಯೇ. "ಜೀಪಿನ ಕುಲುಕಾಟಕ್ಕೆ" ಅಂದರು ಅಜ್ಜಿ.

ಆ ರಾತ್ರಿ ಜ್ವರ ಬಂತು. ಬರೆದು ಕೊಟ್ಟಷ್ಟು ಸಿರಪ್ ಕೊಟ್ಟೆವು, ಅಜ್ಜಿ ಎಣ್ಣೆಯ ಕುಪ್ಪಿ ಮುಟ್ಟಲಿಲ್ಲ. ಮಂಗಳೂರಿನ ನನ್ನ ಚಿಕ್ಕಮ್ಮನ ಮಗಳು ಫೋನಿನಲ್ಲಿ, "ಪ್ರೈವೇಟಿನಲ್ಲಿ ನೋವಿಲ್ಲದ್ದು ಸಿಗ್ತದಲ್ಲ, ಅದನ್ನು ಹಾಕಿಸ್ಬಾರ್ದಾ?" ಅಂದಳು. ಸಿಗುತ್ತದೆ, ಜ್ವರವೂ ಕಡಿಮೆ ಹೌದು. ಆದರೆ ನಾಯಿಕೆಮ್ಮಿನ ಮಟ್ಟಿಗೆ ಅದರ ರಕ್ಷಣೆ ಹಳೆಯದರಷ್ಟು ಕಾಲ ಬಾಳುವುದಿಲ್ಲ. ಒಂದು ರಾತ್ರಿ ನಿದ್ದೆಗೆಡುವುದು ನನಗೆ ದೊಡ್ಡ ವಿಷಯ ಅನಿಸಲಿಲ್ಲ.

ವಾರ ಕಳೆದಿತ್ತು. ಸ್ನಾನ ಮಾಡಿಸುವಾಗ ಮಗನ ಬೆನ್ನಿನ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕೆ ಕಂಡವು. ಮೈ ಸ್ವಲ್ಪ ಬಿಸಿ. ಅತ್ತೆ ಗಾಬರಿಯಾದರು. ಅಡುಗೆಮನೆಯಿಂದ ಬಂದ ಅಜ್ಜಿ ಅಂಗಿ ಎತ್ತಿ ನೋಡಿ, "ಇದು ಮೊನ್ನೆಯದ್ದರದ್ದೇ. ಅವಳು ಹೇಳಿದ್ದಾಳಲ್ಲ, ವಾರ ಬಿಟ್ಟು ಬರ್ತದೆ ಅಂತ" ಅಂದರು. ಆಮೇಲೆ ಅಷ್ಟೇ ಸಹಜವಾಗಿ, "ಆದ್ರೂ ಒಂದು ಫೋನ್ ಮಾಡು. ಮಾಡಿ ಅಂದಿದ್ದಾಳೆ, ಎತ್ತುತ್ತಾಳಾ ನೋಡುವ" ಅಂದರು. ಸಿಸ್ಟರ್ ಎತ್ತಿದರು. ಮಗು ಆಡುತ್ತಿದ್ದಾನಾ, ಉಣ್ಣುತ್ತಿದ್ದಾನಾ ಅಂತ ಕೇಳಿದರು, ಮರುದಿನ ಅವರಾಗಿಯೇ ಮತ್ತೆ ಫೋನ್ ಮಾಡಿದರು. ಯಾವ ವಾದಕ್ಕೂ ಬಗ್ಗದ ಅಜ್ಜಿ ಆ ಎರಡನೇ ಫೋನಿಗೆ ಬಗ್ಗಿದರು ಅಂತ ನನ್ನ ಲೆಕ್ಕ. ಅವರನ್ನು ಕೇಳಿದರೆ ಒಪ್ಪಲಿಕ್ಕಿಲ್ಲ.

ಸಿಸ್ಟರಿಗೆ ನಮ್ಮ ಮೇಲೂ ಒಂದು ದೂರಿತ್ತು. ಮಗಳ ಐದು ವರ್ಷದ ಡಿಪಿಟಿ ಬಾಕಿ ಉಂಟು ಅಂತ ಅವರ ರಿಜಿಸ್ಟರ್ ಹೇಳುತ್ತದೆ, ಏಳು ತುಂಬುವ ಮೊದಲು ಹಾಕಿಸಿ ಅಂತ. ಅದನ್ನು ಬೇಸಿಗೆ ರಜೆಯಲ್ಲಿ ತವರಿನಲ್ಲೇ ಹಾಕಿಸಿ ಆಗಿತ್ತು. ಮಗಳು ಹುಟ್ಟಿದ್ದು ಪುತ್ತೂರಿನಲ್ಲಿ, ಇಂಜೆಕ್ಷನ್ನಿನ ಲೆಕ್ಕ ಬರೆಯುವ ಅವಳ 'ತಾಯಿ ಕಾರ್ಡ್' ಕರ್ನಾಟಕದ್ದು. ಮಗನದ್ದು ಕೇರಳದ್ದು. ಒಂದೇ ಮನೆಯ ಎರಡು ಮಕ್ಕಳು ಎರಡು ರಾಜ್ಯದ ಪುಸ್ತಕದಲ್ಲಿ. ಗಡಿಯಲ್ಲಿ ಇದು ಮನೆಮನೆಯ ಕತೆ. ಅಮ್ಮನ ಹತ್ತಿರ ಹೇಳಿ ಕಾರ್ಡಿನ ಫೋಟೋ ತರಿಸಿ ವಾಟ್ಸಾಪ್ ಮಾಡಿದೆ. ಈಗ ಯು-ವಿನ್ ಅಂತ ಆನ್‌ಲೈನ್ ದಾಖಲೆ ಬಂದಿದೆ, ದೇಶದಲ್ಲಿ ಎಲ್ಲಿ ಹಾಕಿಸಿದರೂ ಕಾಣಬೇಕು. ಆದರೂ ನಾನು ಎರಡೂ ಕಾರ್ಡುಗಳನ್ನು ರೇಷನ್ ಕಾರ್ಡಿನ ಜೊತೆ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದೇನೆ.

ಅಜ್ಜಿಯ ಬಿಪಿ ಜೀಪಿನ ಕುಲುಕಾಟದ್ದಲ್ಲ ಅಂತ ಆರೋಗ್ಯ ಕೇಂದ್ರದ ಡಾಕ್ಟರೂ ಹೇಳಿದರು. ಮಾತ್ರೆ ಬರೆದರು. ಅಜ್ಜಿ ಚೀಟಿ ತೆಗೆದುಕೊಳ್ಳಲಿಲ್ಲ. "ಇದು ತಿಂದರೆ ಎಂತೆಲ್ಲ ಆಗ್ತದೆ, ಮೊದಲು ಹೇಳಿ." ಪಾಪ, ಹೊರಗೆ ದೊಡ್ಡ ಕ್ಯೂ. ಆದರೂ ಡಾಕ್ಟರ್ ಹೇಳಿದರು: ಕೆಲವರಿಗೆ ಪಾದ ಬೀಗುತ್ತದೆ, ಹಾಗಾದರೆ ಬನ್ನಿ, ಬದಲಾಯಿಸೋಣ. ನೀವಾಗಿಯೇ ನಿಲ್ಲಿಸಬೇಡಿ. ಉಪ್ಪು ಕಡಿಮೆ ಮಾಡಿ.

ಮಾತ್ರೆ ಈಗ ನಡೆಯುತ್ತಿದೆ. ದಿನಾ ಬೆಳಿಗ್ಗೆ ಪಾದ ಒತ್ತಿ ನೋಡಿಕೊಳ್ಳುತ್ತಾರೆ, ಬೀಗಿಲ್ಲ. ಮಿಡಿ ಉಪ್ಪಿನಕಾಯಿಯ ಭರಣಿ ಮಾತ್ರ ಇನ್ನೂ ಅವರ ಕೈಗೆ ಎಟುಕುವ ಕಡೆಯೇ ಇದೆ.